ಬಳಪದ ಕಲ್ಲಿನ ಖಾಲಿ ಸಾಲು

ಬೆಟಗೇರಿ

ನಾರ್ವೆಗೆ ಹೋಗಿಬಂದವನ ಬಾಯಿಂದ ಜನ ಹಿಮದ ಸುದ್ದಿ ಕೇಳಬಯಸುತ್ತಾರೆ. ನಾನು ಹೋದದ್ದು ಜೂನ್ ತಿಂಗಳಲ್ಲಿ. ಹಿಮ ಕಂಡದ್ದು ದೂರದ ಗುಡ್ಡದ ನೆತ್ತಿಯ ಮೇಲೆ ಮಾತ್ರ, ಅದೂ ಯಾರೋ ಒಣಹಾಕಿ ಮರೆತುಹೋದ ಧೋತರದಷ್ಟು. ಆ ಐದಾರು ದಿನ ನನ್ನ ತಲೆಯಲ್ಲಿ ತುಂಬಿಕೊಂಡಿದ್ದದ್ದು ಒಂದು ಕಲ್ಲು, ಆ ಕಲ್ಲಿನ ಹೆಸರು, ಮತ್ತು ಆ ಹೆಸರಿನ ಬಗ್ಗೆ ನಾನು ಬರೆದು ಕಳಿಸಿದ್ದ ಒಂದು ಸುಳ್ಳು.

ಕಲ್ಲು ನಿಮಗೂ ಗೊತ್ತಿರುವುದೇ, ಬಳಪದ ಕಲ್ಲು. ನಮ್ಮ ಗದಗ ಸೀಮೆಯ ಹಳೆಯ ಗುಡಿಗಳ ಕಂಬಗಳು ಬಹಳಷ್ಟು ಅದರವೇ. ಉಗುರಿನಿಂದ ಗೀರಿದರೆ ಬಿಳಿ ಗೆರೆ ಬೀಳುತ್ತದೆ, ಅಂಗೈಯಿಂದ ಸವರಿದರೆ ಸಾಬೂನು ಹಚ್ಚಿದಂತೆ ಜಾರುತ್ತದೆ. ಅದರ ಚೂರು ಹಿಡಿದೇ ನಾವೆಲ್ಲ ಪಾಟಿಯ ಮೇಲೆ ಅ ಆ ತಿದ್ದಿದ್ದು.

ಮುಂಡರಗಿಯಲ್ಲಿ ಮೋನಪ್ಪ ಎಂಬ ಶಿಲ್ಪಿ ಇದ್ದಾರೆ. ಅರವತ್ತರ ಆಸುಪಾಸು. ಕಪ್ಪತಗುಡ್ಡದ ಕಡೆ ಮುಖ ಮಾಡಿದ ತಗಡಿನ ಶೆಡ್ಡಿನಲ್ಲಿ ಕುಳಿತು ಮೂರ್ತಿ ಕಡೆಯುತ್ತಾರೆ, ಊರೂರಿನ ಗುಡಿ ಬಾವಿಗಳಿಗೆ ಹೆಸರಿನ ಕಲ್ಲು ಕೆತ್ತಿಕೊಡುತ್ತಾರೆ. ನಮ್ಮ ಗುಡಿಗಳನ್ನು ನೋಡಲು ಬಂದಿದ್ದ ಮಾರಿತ್ ಎಂಬ ನಾರ್ವೆಯ ಹೆಂಗಸಿನ ಕಾರು ಒಮ್ಮೆ ಆ ಶೆಡ್ಡಿನ ಎದುರೇ ಪಂಕ್ಚರ್ ಆಯಿತು. ಆಕೆ ತಮ್ಮ ದೇಶದಲ್ಲಿ ಹಳೆಯ ಚರ್ಚುಗಳ ಕಲ್ಲುಗೆಲಸ ರಿಪೇರಿ ಮಾಡುವಾಕೆ. ಗಾಲಿ ತಯಾರಾದ ಮೇಲೂ ಆಕೆ ಎದ್ದು ಹೋಗಲಿಲ್ಲ. ಮೋನಪ್ಪನವರಿಗೆ ಇಂಗ್ಲಿಷ್ ಬರುವುದಿಲ್ಲ. ನನಗೆ ಬರುತ್ತದೆ ಎಂಬ ವದಂತಿ ಇದೆ. ನಾನು ಇರುವುದು ಬೆಟಗೇರಿಯಲ್ಲಿ, ಕಲಿಸುವುದು ಲಕ್ಷ್ಮೇಶ್ವರದ ಹೈಸ್ಕೂಲಿನಲ್ಲಿ. ನನ್ನ ನಂಬರು ಮೋನಪ್ಪನವರ ಹತ್ತಿರ ಇದ್ದದ್ದು ಅವರ ಮಗಳಿಗೆ ನಾನು ಪಾಠ ಹೇಳಿದ್ದರಿಂದ. ಅಂದು ಫೋನಿನಲ್ಲೇ ಇಬ್ಬರ ನಡುವೆ ಮಾತು ದಾಟಿಸುತ್ತ ಮೂರು ತಾಸು ಕಳೆದೆ.

ಮುಂದಿನ ವರ್ಷ ಆಕೆಯಿಂದ ಪತ್ರ ಬಂತು. ಅವರ ಊರಿನ ಗುಡ್ಡದಲ್ಲಿ ಇದೇ ಕಲ್ಲಿನ ಹಳೆಯ ಗಣಿ ಇದೆಯಂತೆ. ಗಣಿಗೆ ಏರುವ ಕಾಲುದಾರಿಯ ಪಕ್ಕದಲ್ಲಿ ಬೇರೆ ಬೇರೆ ಭಾಷೆಗಳಲ್ಲಿ ಈ ಕಲ್ಲಿಗೆ ಏನನ್ನುತ್ತಾರೆ ಎಂದು ಕೆತ್ತಿ ನಿಲ್ಲಿಸುತ್ತಾರಂತೆ. ಒಂದೊಂದು ಭಾಷೆಯಿಂದ ಒಬ್ಬ ಶಿಲ್ಪಿ, ಒಬ್ಬ ಮಾತು ಬಲ್ಲವ. ಖರ್ಚೆಲ್ಲ ಅವರದೇ. ಜೊತೆಗೊಂದು ಅರ್ಜಿ. ಮೊದಲ ಸಾಲು: ನಿಮ್ಮ ಭಾಷೆಯಲ್ಲಿ ಕಲ್ಲಿನ ಹೆಸರು. ಎರಡನೆಯ ಸಾಲು: ಆ ಹೆಸರು ಎಲ್ಲಿಂದ ಹುಟ್ಟಿತು. ಕಲ್ಲಿನ ಮೇಲೆ ಕೆತ್ತುವುದು ಈ ಎರಡೇ ಸಾಲು.

ಮೊದಲನೆಯದನ್ನು ತುಂಬಿ ಎರಡನೆಯದರ ಮುಂದೆ ವಾರಗಟ್ಟಲೆ ಕುಳಿತೆ. ಲಕ್ಷ್ಮೇಶ್ವರದ ಬಜಾರಿನಲ್ಲಿ ಅತ್ತರು, ಗಿಡಮೂಲಿಕೆ ಮಾರುವ ಖಾದರಸಾಬರನ್ನು ಕೇಳಿದೆ. ಅವರು ಡಬ್ಬಿ ತೆಗೆದು ಬಿಳಿ ಪುಡಿ ತೋರಿಸಿದರು.

"ಇದಕ್ಕ ನಾವು ಸಂಗಜರಾಹತ್ ಅಂತೀವ್ರಿ ಸರ. ಸಂಗ ಅಂದ್ರ ಕಲ್ಲು, ಜರಾಹತ್ ಅಂದ್ರ ಗಾಯ. ನಮ್ಮ ಅಜ್ಜಾ ಗಾಯಕ್ಕ ಇದನ್ನ ಹಚ್ತಿದ್ದಾ. ನಿಮ್ಮ ಬಳಪ ಅಂದ್ರ ಏನ್ರಿ?"

"ಬಳಪ ಅಂದ್ರ ಬಳಪ್ರೀ."

"ಅದು ನನಗೂ ಗೊತ್ತೈತಿ ಬಿಡ್ರಿ," ಎಂದು ಅವರು ಡಬ್ಬಿ ಮುಚ್ಚಿದರು.

ಶಿರಹಟ್ಟಿಯಲ್ಲಿ ನಮ್ಮ ಅತ್ತೆಯವರನ್ನು ಕೇಳಿದರೆ, "ಬಳಪಕ್ಕ ಬಳಪಾ ಅನ್ನದ ಮತ್ತೇನು ಬದನಿಕಾಯಿ ಅಂತಾರೇನು? ನಿಮಗ ಸಾಲ್ಯಾಗ ಕೆಲಸ ಕಡಿಮಿ ಆಗೇತಿ," ಎಂದರು. ನಿಘಂಟು ನೋಡಿದೆ. ಅರ್ಥ ಇತ್ತು, ತೆಲುಗರೂ ಬಲಪಂ ಅನ್ನುತ್ತಾರೆಂದು ತಿಳಿಯಿತು. ಆದರೆ ಮಾತು ಹುಟ್ಟಿದ ಕತೆ ನನಗೆ ಸಿಗಲಿಲ್ಲ.

ನಾನು ಇಪ್ಪತ್ತಾರು ವರ್ಷದಿಂದ ಪರೀಕ್ಷೆಯ ಕೋಣೆಯಲ್ಲಿ ಮಕ್ಕಳ ನಡುವೆ ಅಡ್ಡಾಡುತ್ತ ಹೇಳುತ್ತ ಬಂದದ್ದು ಒಂದೇ ಮಾತು: "ಖಾಲಿ ಬಿಡಬ್ಯಾಡ್ರಿ. ಗೊತ್ತಿರಲಿಲ್ಲ ಅಂದ್ರೂ ಏನರ ಬರೀರಿ." ಖಾಲಿ ಜಾಗಕ್ಕೆ ಯಾವ ಮಾಸ್ತರನೂ ಅಂಕ ಕೊಡಲಾರ, ಏನಾದರೂ ಬರೆದಿದ್ದರೆ ಕರುಣೆಯಿಂದ ಅರ್ಧ ಕೊಟ್ಟಾನು. ಅರ್ಜಿ ಕಳಿಸುವ ಕಡೆಯ ದಿನ ಆ ಮಾತು ನನಗೇ ತಿರುಗಿಬಂತು. "ಬಳಿ ಎಂಬ ಕ್ರಿಯಾಪದದಿಂದ, ಬಳಿಯಲು ಬಿಳಿ ಪುಡಿ ಕೊಡುವ ಕಲ್ಲು" ಎಂದು ಇಂಗ್ಲಿಷಿನಲ್ಲಿ ಬರೆದೆ. ಬರೆದು ಓದಿದರೆ ಎಷ್ಟು ಚೆಂದ ಕಂಡಿತೆಂದರೆ, ಇಷ್ಟು ದಿನ ಯಾರಿಗೂ ಹೊಳೆದಿಲ್ಲವಲ್ಲ ಎಂದು ನಿಘಂಟು ಬರೆದವರ ಮೇಲೆ ಮರುಕವಾಯಿತು. ಕಳಿಸಿದ ಅರ್ಧ ತಾಸಿನ ನಂತರ ಕಳವಳ ಶುರುವಾಯಿತು. ನನಗೆ ಅದು ಹೊಸದೇನಲ್ಲ. ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಬಸ್ಸಿನಿಂದ ಇಳಿದು ವಾಪಸು ಹೋದವ ನಾನು. ಹಾಗಾಗಿ ಇದೂ ಅಂಥದ್ದೇ ಎಂದು ತಳ್ಳಿಹಾಕಿದೆ.

ಓಸ್ಲೋ ವಿಮಾನ ನಿಲ್ದಾಣ

ಉಳಿ ಸುತ್ತಿಗೆಗಳನ್ನು ದೊಡ್ಡ ಪೆಟ್ಟಿಗೆಯಲ್ಲಿ ಹಾಕಬೇಕು, ಕೈಚೀಲದಲ್ಲಿ ಅಲ್ಲ ಎಂದು ನಾನು ಮೋನಪ್ಪನವರಿಗೆ ಹನ್ನೊಂದು ಸಲ ಹೇಳಿದ್ದೆ. ಅವರು ಹಾಗೆಯೇ ಮಾಡಿದ್ದರು. ಆದರೆ ನಮ್ಮ ಊರಿನ ಕಲ್ಲನ್ನು ಅವರಿಗೂ ತೋರಿಸಬೇಕೆಂದು ಬಳಪದ ಕಲ್ಲಿನದೊಂದು ತುಂಡನ್ನು ಅದೇ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಮೂರು ವಿಮಾನಗಳ ಕುಲುಕಾಟದಲ್ಲಿ ಉಳಿಗಳು ಆ ತುಂಡನ್ನು ಕುಟ್ಟಿ ಕುಟ್ಟಿ ಪುಡಿ ಮಾಡಿದ್ದವು. ಸುಂಕದ ಅಧಿಕಾರಿ ಪೆಟ್ಟಿಗೆ ತೆರೆದಾಗ ಮೋನಪ್ಪನವರ ಅಂಗಿ ಧೋತರಗಳ ಮೇಲೆಲ್ಲ ನುಣ್ಣನೆಯ ಬಿಳಿ ಪುಡಿ.

ಪರದೇಶದ ವಿಮಾನ ನಿಲ್ದಾಣದಲ್ಲಿ ಬಿಳಿ ಪುಡಿ ಸಿಕ್ಕರೆ ಏನಾಗುತ್ತದೆ ಎಂದು ಪತ್ರಿಕೆಗಳಲ್ಲಿ ನಾನು ಬೇಕಾದಷ್ಟು ಓದಿದ್ದೆ. ಕೊರಳ ಹಿಂದೆ ಬೆವರು ಇಳಿಯಿತು.

"ಮಾಸ್ತರ, ಬೆವರಬ್ಯಾಡ್ರಿ," ಎಂದರು ಮೋನಪ್ಪ. "ಬೆವತವ್ರನ್ನ ಮೊದಲ ಹಿಡೀತಾರ."

"ಇದೇನಂತ ಕೇಳಿದ್ರ ಏನ ಹೇಳೂದ್ರಿ?"

"ಕಲ್ಲು ಅಂತ ಹೇಳ್ರಿ. ಕಲ್ಲಿಗೆ ಕಲ್ಲು ಅನ್ನಾಕ ಅಂಜಿಕಿ ಯಾತರದು?"

ಅಧಿಕಾರಿ ಎತ್ತರದ ಮನುಷ್ಯ, ಮುಖದಲ್ಲಿ ಏನೂ ಕಾಣಿಸುತ್ತಿರಲಿಲ್ಲ. ಕೈಗವಸು ಹಾಕಿದ ಬೆರಳಿಂದ ಪುಡಿ ಮುಟ್ಟಿ ನೋಡಿದ. ಯಾವುದೋ ಕಾಗದಕ್ಕೆ ಒರೆಸಿ ಯಂತ್ರಕ್ಕೆ ಹಾಕಿದ; ಯಂತ್ರ ಸುಮ್ಮನಿತ್ತು. ಆಮೇಲೆ ಉಳಿದಿದ್ದ ತುಂಡನ್ನು ಕೈಗೆತ್ತಿಕೊಂಡು, ಕೈಗವಸು ತೆಗೆದು ಬರಿ ಹೆಬ್ಬೆರಳಿನಿಂದ ಸವರಿದ. "ಕ್ಲೇಬರ್," ಎಂದ. ಅವನ ಅಜ್ಜಿಯ ಮನೆಯ ಒಲೆ ಈ ಕಲ್ಲಿನದೇ ಆಗಿತ್ತಂತೆ. ಬೆಂಕಿ ಆರಿದ ಮೇಲೂ ಬೆಳಗಿನ ತನಕ ಬೆಚ್ಚಗಿರುತ್ತಿತ್ತಂತೆ. ನಿಮ್ಮಲ್ಲಿ ಇದಕ್ಕೆ ಏನನ್ನುತ್ತೀರಿ ಎಂದು ಕೇಳಿದ. ಬಳಪ ಎಂದೆ. ಹಾಗೆಂದರೇನು ಎಂದ.

ಬದುಕಿದೆನಲ್ಲ ಎಂಬ ಸಂತೋಷದಲ್ಲಿ ನನ್ನ ನಾಲಿಗೆ ತಾನೇ ಓಡಿತು. ಬಳಿಯುವುದು, ಬಿಳಿ ಪುಡಿ, ಕ್ರಿಯಾಪದ, ಎಲ್ಲವನ್ನೂ ಪಾಠ ಒಪ್ಪಿಸಿದಂತೆ ಹೇಳಿದೆ. ಆತ ತಲೆದೂಗಿ ಪೆಟ್ಟಿಗೆ ಮುಚ್ಚಿಕೊಟ್ಟ.

ಹೊರಗೆ ಬಂದಾಗ ಮೋನಪ್ಪ, "ಏನಂದ್ರಿ ಅವಗ?" ಎಂದು ಕೇಳಿದರು. ಹೇಳಿದೆ. ಅವರು ನಿಂತುಬಿಟ್ಟರು.

"ಹಂಗೇನು? ನಲವತ್ತು ವರ್ಷ ಆ ಕಲ್ಲ ಕಡದೀನ್ರಿ, ನನಗ ಗೊತ್ತಿರಲಿಲ್ಲ ನೋಡ್ರಿ. ಕಲತವ್ರು ಕಲತವ್ರ."

ಬರೆದು ಕಳಿಸಿದಾಗ ಅದು ಬರಿಯ ಕಾಗದದ ಮೇಲಿತ್ತು. ಈಗ ಒಬ್ಬ ನಂಬಿದವರು ಎದುರಿಗೆ ನಿಂತಿದ್ದರು.

ಕಣಿವೆಯ ಊರು

ರೈಲಿನಲ್ಲಿ ಕೆಲವು ತಾಸು. ಪಕ್ಕದಲ್ಲಿ ಹೊಳೆ, ಎರಡೂ ಕಡೆ ಹಸಿರು ಗುಡ್ಡ. ನಮ್ಮ ಡಬ್ಬಿಯಲ್ಲಿ ಬಹಳ ಜನರಿದ್ದರು, ಒಂದು ಮಾತಿಲ್ಲ. ಗದಗಿನಿಂದ ಲಕ್ಷ್ಮೇಶ್ವರಕ್ಕೆ ಹೋಗುವ ನಮ್ಮ ಬಸ್ಸಿನಲ್ಲಿ ಇಷ್ಟು ಹೊತ್ತಿಗೆ ನನ್ನ ಸಂಬಳ, ಮನೆತನ, ಸಕ್ಕರೆ ಕಾಯಿಲೆ ಮೂರೂ ಚರ್ಚೆಯಾಗಿ ಮುಗಿದಿರುತ್ತಿದ್ದವು. ಸ್ಟೇಷನ್ನಿನ ಹೊರಗೆ ಬಸ್ಸಿಗೆ ಕಾಯುವವರು ಒಬ್ಬರಿಗೊಬ್ಬರು ಎರಡು ಮಾರು ದೂರ ನಿಂತಿದ್ದರು. ಸಾಲು ಎಲ್ಲಿ ಶುರುವಾಗುತ್ತದೆಂದು ಮೋನಪ್ಪನವರಿಗೆ ತಿಳಿಯದೆ ಇಬ್ಬರ ನಡುವೆ ಹೋಗಿ ನಿಂತರು. ಆ ಇಬ್ಬರೂ ತಪ್ಪು ತಮ್ಮದೇ ಎಂಬಂತೆ ಹಿಂದೆ ಸರಿದರು.

"ಇವ್ರ ಏನರ ಮುನಸ್ಕೊಂಡಾರೇನ್ರಿ?"

"ಇಲ್ರಿ. ಇಲ್ಲಿ ಹಂಗ."

"ಹಂಗಾರ ಚಲೋ ಮಂದಿ. ಕಲ್ಲಿನಂಗ ಅದಾರ. ತಟ್ಟಿದ್ರ ಮಾತಾಡ್ತಾರ."

ಮಾರಿತ್ ನಮ್ಮನ್ನು ತಮ್ಮ ಮನೆಗೆ ಕರೆದೊಯ್ದರು. ಐವತ್ತು ದಾಟಿದ, ಗಂಡಸಿನಂಥ ಗಟ್ಟಿ ಕೈಗಳ ಹೆಂಗಸು. ಬಾಗಿಲ ಬಳಿ ಚಪ್ಪಲಿ ಬಿಡಿಸಿದರು. ಪರದೇಶದಲ್ಲಿ ಬೂಟು ಹಾಕಿಕೊಂಡೇ ಅಡುಗೆಮನೆಗೆ ಹೋಗಬೇಕಾಗುತ್ತದೆ ಎಂದು ಹೆದರಿದ್ದ ನನಗೆ ಅರ್ಧ ಜೀವ ಬಂತು. ಅವರ ಹಳೆಯ ಮನೆಗಳ ಮಾಡಿನ ಮೇಲೆ ಮಣ್ಣು ಹಾಕಿ ಹುಲ್ಲು ಬೆಳೆಸುತ್ತಾರೆ. ಮೋನಪ್ಪ ತಲೆ ಎತ್ತಿ ನೋಡಿ, ಮಳೆಗಾಲದಲ್ಲಿ ನಮ್ಮ ಮಣ್ಣಿನ ಮಾಳಿಗೆಯ ಮೇಲೆ ಹುಲ್ಲು ಬಂದರೆ ನಾವು ಬೈದುಕೊಂಡು ಕೀಳುತ್ತೇವೆ, ಇವರು ಅದನ್ನೇ ಬೆಳೆ ಮಾಡಿದ್ದಾರೆ ಎಂದು ಬೆರಗಾದರು.

ಊಟಕ್ಕೆ ಮೊದಲು ಬಂದದ್ದು ಅವರ ತೆಳ್ಳನೆಯ ಒಣ ರೊಟ್ಟಿ. ಮುರಿದರೆ ಚಟ್ ಎನ್ನುತ್ತದೆ, ತಿಂಗಳುಗಟ್ಟಲೆ ಕೆಡುವುದಿಲ್ಲವಂತೆ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಇದು ನಮ್ಮ ಖಡಕ್ ರೊಟ್ಟಿ, ಜೋಳ ಮಾತ್ರ ಇಲ್ಲ. ಮೋನಪ್ಪ ಎದ್ದುಹೋಗಿ ಶೇಂಗಾ ಚಟ್ನಿಯ ಡಬ್ಬಿ ತಂದರು. ಹಿಂದಿನ ಕಾಲದಲ್ಲಿ ಈ ರೊಟ್ಟಿ ಬೇಯಿಸಲು ಇಂಥ ಮೆತ್ತನೆಯ ಕಲ್ಲಿನ ಹಂಚುಗಳೂ ಇದ್ದವು ಎಂದು ಮಾರಿತ್ ಹೇಳಿದರು. ಹೇಳುತ್ತ ಚಟ್ನಿಯನ್ನು ಬೆರಳ ತುದಿಯಿಂದ ಮುಟ್ಟಿ ನಾಲಿಗೆಗಿಟ್ಟುಕೊಂಡು ನೀರಿನ ಲೋಟಕ್ಕೆ ಕೈ ಚಾಚಿದರು.

ಊಟದ ನಂತರ ಆಕೆ ನನ್ನ ಕೈಗೆ ಒಂದು ಪುಟ್ಟ ಪುಸ್ತಿಕೆ ಕೊಟ್ಟರು. ಭಾನುವಾರ ಕಾಲುದಾರಿ ತೆರೆಯುವ ದಿನ ಬಂದವರಿಗೆ ಹಂಚಲು ಅಚ್ಚು ಹಾಕಿಸಿದ್ದು. ಪುಟ ತಿರುವಿದೆ. ಫಿನ್‌ಲೆಂಡಿನವರು ಈ ಕಲ್ಲಿಗೆ ಹೆರೆಯುವ ಕಲ್ಲು ಅನ್ನುತ್ತಾರೆ, ಕಟ್ಟಿಗೆಯನ್ನು ಚಾಕುವಿನಿಂದ ಹೆರೆದಂತೆ ಹೆರೆಯಬಹುದೆಂದು. ಇಟಲಿಯ ಬೆಟ್ಟದವರಿಗೆ ಇದು ಗಡಿಗೆಯ ಕಲ್ಲು. ಗ್ರೀನ್‌ಲೆಂಡಿನವರ ಹೆಸರಿನಲ್ಲೂ ಅಡುಗೆಯ ಪಾತ್ರೆಯೇ ಇದೆ. ಇಂಗ್ಲಿಷರಿಗೆ ಸಾಬೂನಿನ ಕಲ್ಲು. ಜರ್ಮನರಿಗೆ ಇದನ್ನು ಮುಟ್ಟಿದಾಗ ನೆನಪಾದದ್ದು ಹಂದಿಯ ಕೊಬ್ಬು.

"ಕಲ್ಲನ್ನೂ ಬಿಡಲಿಲ್ಲೇನ್ರಿ ಅವ್ರು," ಎಂದರು ಮೋನಪ್ಪ.

ಕಡೆಯ ಪುಟದಲ್ಲಿ ಕನ್ನಡ. ಬಳಿ ಎಂಬ ಕ್ರಿಯಾಪದ, ಬಿಳಿ ಪುಡಿ, ಕೆಳಗೆ ನನ್ನ ಹೆಸರು, ಹೆಸರಿನ ಹಿಂದೆ ಪ್ರೊಫೆಸರ್ ಎಂಬ ಬಿರುದು. ಉಳಿದ ಎಲ್ಲ ಹೆಸರುಗಳ ಹಿಂದೆ ಯಾರದೋ ಕೈ ಇತ್ತು, ಒಲೆ ಇತ್ತು, ಚಾಕು ಇತ್ತು. ನನ್ನದರ ಹಿಂದೆ ಇದ್ದದ್ದು ಅರ್ಜಿಯ ಕಡೆಯ ದಿನದ ಅರ್ಧ ತಾಸು. ನಾಡಿದ್ದು ಇದು ಕಲ್ಲಿನ ಮೇಲೆ ಕೂರುತ್ತದೆ. ಕಲ್ಲಿನ ಮೇಲಿನದನ್ನು ಜನ ಪ್ರಶ್ನಿಸುವುದಿಲ್ಲ. ನೂರು ವರ್ಷದ ಮೇಲೆ ಯಾರೋ ಅದನ್ನೇ ನೋಡಿ ಬರೆಯುತ್ತಾರೆ. ಅವರನ್ನು ನೋಡಿ ಇನ್ನೊಬ್ಬರು. ಆ ರಾತ್ರಿ ಹಾಸಿಗೆಯಲ್ಲಿ ನಾನು ಮಗ್ಗುಲು ಬದಲಿಸಿದ್ದಕ್ಕೆ ಅಲ್ಲಿ ರಾತ್ರಿಯೂ ಆರದ ಬೆಳಕು ಕಾರಣ ಎಂದು ಮೋನಪ್ಪ ತಿಳಿದುಕೊಂಡರು. ಕಿಟಕಿಗೆ ತಮ್ಮ ಕಂಬಳಿ ಕಟ್ಟಿಕೊಟ್ಟರು.

ಮಗ್ಗದ ಕೋಣೆ

ಮರುದಿನ ಮಾರಿತ್ ನಮ್ಮನ್ನು ನೆರೆಯ ಒಂದು ಹಳೆಯ ಮನೆಗೆ ಕರೆದುಕೊಂಡು ಹೋದರು. ಒಳಕೋಣೆಯಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿದ ಒಂದು ಮಗ್ಗ. ಹಾಸಿನ ಎಳೆಗಳು ಮೇಲಿನ ತೊಲೆಯಿಂದ ನೇರ ಕೆಳಗೆ ಇಳಿದಿದ್ದವು. ಒಂದೊಂದು ಹಿಡಿ ಎಳೆಗೆ ಒಂದೊಂದರಂತೆ, ತೂತು ಕೊರೆದ ಬೂದು ಕಲ್ಲುಗಳನ್ನು ಗಂಟೆ ಕಟ್ಟಿದಂತೆ ತೂಗಬಿಟ್ಟಿದ್ದರು. ಎಳೆ ಬಿಗಿಯಾಗಿ ನಿಲ್ಲಲು ಅಷ್ಟು ಭಾರ ಬೇಕು.

ನಾನು ಬೆಟಗೇರಿಯ ನೇಕಾರರ ಮನೆಯಲ್ಲಿ ಹುಟ್ಟಿದವ. ಮಗ್ಗದ ಸಪ್ಪಳಕ್ಕೆ ಬೇಸತ್ತು ಪುಸ್ತಕ ಹಿಡಿದವ. ಆದರೂ ಆ ಕಲ್ಲುಗಳನ್ನು ನೋಡಿದಾಗ ಕೈ ತಾನೇ ಮುಂದೆ ಹೋಯಿತು. ನಮ್ಮ ಕುಣಿಮಗ್ಗದ ಹಿಂದೆ ಹಾಸು ಸಡಿಲಾಗದಂತೆ ಅಪ್ಪ ಹಗ್ಗಕ್ಕೆ ಕಟ್ಟಿದ್ದ ಒಂದು ಗುಂಡುಕಲ್ಲು ನೆನಪಾಯಿತು. ಅದಕ್ಕೆ ನಮ್ಮ ಮನೆಯಲ್ಲಿ ಹೆಸರೇ ಇರಲಿಲ್ಲ. "ಅದನ್ನೊಂದಿಷ್ಟು ಸರಸು," ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು.

"ಈ ತೂಗುಗಲ್ಲಿನಿಂದಲೇ ಕ್ಲೇಬರ್ ಎಂಬ ಹೆಸರು ಬಂದದ್ದು," ಎಂದರು ಮಾರಿತ್. ಹಳೆಯ ನಾರ್ವೆಯ ಮಾತಿನಲ್ಲಿ ಮಗ್ಗದ ಈ ಭಾರಕ್ಕೆ ಇದ್ದ ಹೆಸರು, ಅದರ ಜೊತೆ ಬಂಡೆ ಎಂಬ ಮಾತು ಸೇರಿ, ಜನರ ಬಾಯಲ್ಲಿ ಸವೆದು ಕ್ಲೇಬರ್ ಆಯಿತಂತೆ. ಆಮೇಲೆ ನಕ್ಕು ಹೇಳಿದರು: "ನಮ್ಮ ಅಜ್ಜ ಮಾತ್ರ ಬೇರೆ ಹೇಳುತ್ತಿದ್ದರು. ನಮ್ಮ ಈಗಿನ ಮಾತಿನಲ್ಲಿ ಕ್ಲೇಬೆ ಅಂದರೆ ಅಂಟುವುದು. ಮುಟ್ಟಿದರೆ ಕೈಗೆ ಅಂಟಿದಂತಾಗುವ ಕಲ್ಲು, ಅದಕ್ಕೇ ಈ ಹೆಸರು ಎಂದು ಊರಿಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಬಲ್ಲವರು ಬಂದು ಅದು ತಪ್ಪು ಎಂದು ಹೇಳಿದಾಗ ಅವರಿಗೆ ಎಂಬತ್ತು ದಾಟಿತ್ತು."

"ಏನಂದರು ಅಜ್ಜ?"

"ಕೇಳಿಕೊಂಡು ಬಂದವರನ್ನು ಬರಿಗೈಯಲ್ಲಿ ಕಳಿಸಲು ನನಗೆ ನಾಚಿಕೆಯಾಗುತ್ತಿತ್ತು ಎಂದರು."

ಆ ಅಜ್ಜ ಯಾವ ಶಾಲೆಯಲ್ಲೂ ಕಲಿಸಿದವರಲ್ಲವಂತೆ. ಕಲಿಸಬಹುದಾಗಿತ್ತು. ಆಗಲೇ ಬಾಯಿ ಬಿಡಬೇಕೆಂದುಕೊಂಡೆ. ಆದರೆ ಮಾರಿತ್ ಆಗಲೇ ಪುಸ್ತಿಕೆಯ ಅಚ್ಚಿನ ಬಗ್ಗೆ, ಕನ್ನಡದ ಆ ಸಾಲು ತಮಗೆ ಎಷ್ಟು ಇಷ್ಟವಾಯಿತೆಂಬ ಬಗ್ಗೆ ಹೇಳತೊಡಗಿದರು. ನಾನು ಮಗ್ಗದ ಎಳೆ ಎಣಿಸುತ್ತ ನಿಂತೆ.

ಗಣಿಯ ದಾರಿ

ಶನಿವಾರ ಮೋನಪ್ಪನವರ ಸರದಿ. ಉಳಿದ ಭಾಷೆಯವರ ಕಲ್ಲುಗಳು ಆಗಲೇ ದಾರಿಯುದ್ದಕ್ಕೂ ನಿಂತಿದ್ದವು. ನಮ್ಮದು ಎದೆಯೆತ್ತರದ ಬೂದು ಚಪ್ಪಡಿ. ಮೋನಪ್ಪ ಅದರ ಮೇಲೆ ನೀರು ಚಿಮುಕಿಸಿದರು, ವಿಭೂತಿ ಹಚ್ಚಿದರು, ಸುತ್ತಿಗೆಯ ಹಿಡಿಯಿಂದ ತಟ್ಟಿ ಕಿವಿಗೊಟ್ಟರು. "ಮುಂಡರಗಿದ್ದಕ್ಕಿಂತ ಒಂಚೂರು ಮೆತ್ತಗೈತಿ. ಮಾತು ಕೇಳ್ತೈತಿ," ಎಂದರು. ಮಧ್ಯಾಹ್ನದೊಳಗೆ ಮೊದಲ ಸಾಲು ಎದ್ದು ನಿಂತಿತ್ತು: ಬಳಪದ ಕಲ್ಲು. ಅಕ್ಷರಗಳು ಎಷ್ಟು ದುಂಡಗಿದ್ದವೆಂದರೆ ಪಕ್ಕದ ಫಿನ್‌ಲೆಂಡಿನ ಶಿಲ್ಪಿ ತನ್ನ ಚೂಪು ಅಕ್ಷರಗಳನ್ನು ಒಮ್ಮೆ, ಇವನ್ನು ಒಮ್ಮೆ ನೋಡಿ ತಲೆ ಕೆರೆದುಕೊಂಡ.

ಎರಡನೆಯ ಸಾಲಿಗೆ ಗೆರೆ ಹಾಕಿ ಮೋನಪ್ಪ ಉಳಿ ಕೆಳಗಿಟ್ಟರು.

"ಬರ್ರಿ ಮಾಸ್ತರ. ಕಲ್ಲ ಮುಟ್ಟಿ ಓದ್ರಿ."

"ಕಾಗದದಾಗ ಬರದಕೊಟ್ಟೀನಲ್ರಿ."

"ಕಾಗದ ನನಗ ಬ್ಯಾಡ. ನಮ್ಮ ಮನಿತನದ ಪದ್ಧತಿ ಐತಿ. ನಮ್ಮಪ್ಪ ಒಂದ ಊರಾಗ ಬಾವಿ ಕಟ್ಟಿಸಿದವ್ರ ಹೆಸರು ಕಡದಿದ್ದ. ಹೇಳಿದವ ತಪ್ಪ ಹೇಳಿದ್ದ. ತಮ್ಮ ಕಟ್ಟಿಸಿದ್ದಕ್ಕ ಅಣ್ಣನ ಹೆಸರ ಬಂತು. ಇಬ್ರೂ ಸಾಯೂತನಕ ಮಾತಾಡಲಿಲ್ಲ. ಅವತ್ತಿಂದ, ಕಡಸವ್ರು ಕಲ್ಲಿನ ಮ್ಯಾಲೆ ಕೈ ಇಟ್ಟು ಬಾಯಿಲೆ ಹೇಳಬೇಕು. ಆಮ್ಯಾಲೆ ನಮ್ಮ ಉಳಿ ನಡೀತೈತಿ."

ನಾನು ಕೈ ಇಟ್ಟೆ. ಕಲ್ಲು ಬಿಸಿಲಿಗೆ ಬೆಚ್ಚಗಾಗಿತ್ತು. ಬಾಯಿ ತೆರೆದೆ, ಸುಂಕದ ಅಧಿಕಾರಿಯ ಎದುರು ಅಷ್ಟು ಸಲೀಸಾಗಿ ಓಡಿದ ನಾಲಿಗೆ ಈಗ ಓಡಲಿಲ್ಲ.

"ಮೋನಪ್ಪನವರ, ಅದು ನನಗ ಗೊತ್ತಿಲ್ರಿ."

"ಯಾವ್ದು?"

"ಬಳಪ ಅನ್ನೂದು ಎಲ್ಲಿಂದ ಬಂತು ಅಂತ. ನಾನ ಕಟ್ಟಿ ಬರದಿದ್ದು. ಖಾಲಿ ಬಿಡಬಾರದಂತ."

ಅವರು ನನ್ನನ್ನು ನೋಡಿದರು. ಆಮೇಲೆ ನಿಧಾನಕ್ಕೆ ಚಪ್ಪಡಿಯ ಬುಡದಲ್ಲಿ ಕುಳಿತು ಥರ್ಮಾಸಿನಿಂದ ಚಹಾ ಸುರುವಿಕೊಂಡರು.

"ಅಂದ್ರ ಆ ವಿಮಾನದ ಆಫೀಸರಗ ಹೇಳಿದ್ದೂ ಸುಳ್ಳ."

"ಹೌದ್ರಿ."

"ನನಗೂ."

"ಹೌದ್ರಿ."

"ನಾನು ರಾತ್ರಿ ಫೋನಿನ್ಯಾಗ ಮಗಳಿಗೆ ಹೇಳೀನಿ. ಅಕಿ ತನ್ನ ಗಂಡಗ ಹೇಳಿರ್ತಾಳ." ಒಂದು ಗುಟುಕು ಕುಡಿದರು. "ಸಾಲಿ ಹುಡುಗರಿಗೆ ಹಿಂಗ ಎಷ್ಟ ಹೇಳೀರಿ?"

ಇಪ್ಪತ್ತಾರು ವರ್ಷಗಳ ಲೆಕ್ಕ ಹಾಕತೊಡಗಿ ನಡುವೆಯೇ ಬಿಟ್ಟೆ. ಆದರೆ ವಿಚಿತ್ರವೆಂದರೆ, ಹೇಳಿದ ಮೇಲೆ ಕಳವಳ ನಿಂತಿತ್ತು. ಇಂಥ ಹೊತ್ತಿನಲ್ಲಿ ಹೆಚ್ಚಬೇಕಾದದ್ದು ನಿಂತದ್ದು ಏಕೆಂದು ಸ್ವಲ್ಪ ಚಿಂತೆಯೂ ಆಯಿತು.

ಮಾರಿತ್‌ಗೆ ನಾನೇ ಹೋಗಿ ಹೇಳಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದರು. ನಮ್ಮಲ್ಲಿ ಅಷ್ಟು ಹೊತ್ತು ಯಾರಾದರೂ ಸುಮ್ಮನಿದ್ದರೆ ಆ ಮನೆಗೆ ಮತ್ತೆ ಹೋಗುವ ಹಾಗಿಲ್ಲ. ಆದರೆ ಅಲ್ಲಿ ಅದು ಬರಿಯ ಯೋಚನೆ. ಕಡೆಗೆ ಕೇಳಿದರು: "ನಿಮಗೆ ಗೊತ್ತಿರುವುದು ಏನು?"

"ಇದರಿಂದ ನಾವು ಬರೆಯಲು ಕಲಿತೆವು. ಅಷ್ಟೇ ಗೊತ್ತು."

"ಹೆಸರಿನ ಮೂಲ ತಿಳಿದಿಲ್ಲ ಎಂದು ಕೆತ್ತೋಣವೇ?"

ಅದನ್ನು ಮೋನಪ್ಪನವರಿಗೆ ದಾಟಿಸಿದೆ. ಅವರು ತಲೆಯಾಡಿಸಿದರು. "ತಿಳಿದಿಲ್ಲಂತ ಕಡದ್ರ ಅದೂ ಕಾಯಂ ಆತಲ್ರಿ. ನಾಳೆ ಯಾರಿಗರ ತಿಳೀತು ಅಂದ್ರ? ಕಲ್ಲು ಸುಳ್ಳ ಆಗ್ತೈತಿ. ನಿಮಗ ಗೊತ್ತಿಲ್ಲ ಅಂದ್ರ ಯಾರಿಗೂ ಗೊತ್ತಿಲ್ಲಂತ ಏನೈತಿ?" ಚಹಾದ ಲೋಟ ಝಾಡಿಸಿ ಎದ್ದರು. "ಆ ಜಾಗಾ ನನಗ ಬಿಡ್ರಿ. ನೀವು ಆ ಕಡೆ ಹೋಗಿ ಕುಂಡ್ರಿ. ಮ್ಯಾಲೆ ನಿಂತು ಉಸರ ಬಿಡಬ್ಯಾಡ್ರಿ."

ನನಗೆ ಬೇರೆ ಕೆಲಸ ಸಿಕ್ಕಿತು. ಪುಸ್ತಿಕೆಗಳ ಗಂಟುಗಳನ್ನು ಮಾರಿತ್ ತಂದು ನನ್ನ ಮುಂದೆ ಇಟ್ಟರು, ಜೊತೆಗೆ ಬಿಳಿ ಕಾಗದದ ಪಟ್ಟಿಗಳು, ಅಂಟಿನ ಡಬ್ಬಿ. ಒಂದೊಂದು ಪುಸ್ತಿಕೆಯ ಕಡೆಯ ಪುಟ ತೆರೆದು ನನ್ನ ಸಾಲಿನ ಮೇಲೆ ಬಿಳಿ ಪಟ್ಟಿ ಅಂಟಿಸಿದೆ. ಪ್ರೊಫೆಸರ್ ಎಂಬುದನ್ನೂ ಮುಚ್ಚಲೇ ಎಂದು ಕೇಳಿದ್ದಕ್ಕೆ, ಪಟ್ಟಿ ಅಷ್ಟು ಉದ್ದವಿಲ್ಲ ಎಂದರು. ಆಕೆಯ ಅಜ್ಜ ಹೇಳಿದ ಅಂಟು ಹೀಗೆ ನನ್ನ ಉಪಯೋಗಕ್ಕೆ ಬಂತು.

ಸಂಜೆ ಹೋಗಿ ನೋಡಿದರೆ ಎರಡನೆಯ ಸಾಲಿನ ಜಾಗವನ್ನು ಮೋನಪ್ಪ ಬೆರಳ ದಪ್ಪದಷ್ಟು ಆಳಕ್ಕೆ ಇಳಿಸಿದ್ದರು. ಸುತ್ತ ಕಟ್ಟಿಗೆಯ ಚೌಕಟ್ಟಿನಂತೆ ಅಂಚು ಬಿಟ್ಟಿದ್ದರು. ನಡುವಿನ ಮೈಯನ್ನು ಮರಳು, ನೀರು, ಆಮೇಲೆ ಬರಿಯ ಅಂಗೈ ಹಾಕಿ ತಿಕ್ಕಿ ತಿಕ್ಕಿ ಕಪ್ಪಗೆ ಹೊಳೆಸಿದ್ದರು. ಇಡೀ ಚಪ್ಪಡಿಯಲ್ಲಿ ಹೆಚ್ಚು ದುಡಿದದ್ದು ಏನೂ ಇಲ್ಲದ ಆ ಜಾಗಕ್ಕೆ. ಅದೊಂದು ಪಾಟಿ. ಕೆಳಗೆ ಬೊಗಸೆಯಂಥ ಕುಳಿ. ಕುಳಿಯ ತುಂಬ, ಕಡೆದುಳಿದ ಚೂರುಗಳಿಂದ ಕೊಯ್ದ ಬಳಪಗಳು, ನನ್ನ ಕಿರುಬೆರಳಿನಷ್ಟು ಉದ್ದ.

"ಯಾರಿಗೆ ಏನ ಗೊತ್ತೈತಿ ಅವ್ರು ಬರೀಲಿ," ಎಂದರು. "ತಪ್ಪ ಅನಸಿದ್ರ ಒರಸಲಿ."

ಭಾನುವಾರ

ಜನ ಒಂದೊಂದೇ ಕಲ್ಲಿನ ಮುಂದೆ ನಿಂತು ಓದಿ, ತಲೆದೂಗಿ, ಮೌನವಾಗಿ ಮುಂದೆ ಸರಿದರು. ನಮ್ಮದರ ಮುಂದೆ ಬಂದು ನಿಂತೇಬಿಟ್ಟರು. ಮಾರಿತ್ ವಿವರಿಸಿದರು: ಈ ಭಾಷೆಯವರ ಪಾಲಿಗೆ ಇದು ಬರೆಯುವ ಕಲ್ಲು, ಹೆಸರು ಎಲ್ಲಿಂದ ಬಂತೆಂದು ಇವರು ಇನ್ನೂ ಹುಡುಕುತ್ತಿದ್ದಾರೆ. ಎರಡು ಮಾರು ದೂರ ದೂರ ನಿಂತಿದ್ದವರಲ್ಲಿ ಯಾರೂ ಅಲುಗಲಿಲ್ಲ. ಆಗ ಒಬ್ಬ ಮುದುಕಿ, ಕೋಲು ಊರಿಕೊಂಡು ಬಂದು, ಕುಳಿಯಿಂದ ಒಂದು ಬಳಪ ಆರಿಸಿ ತನ್ನ ಹೆಸರು ಬರೆದಳು. ಬರೆದು, ಸ್ವಲ್ಪ ಹಿಂದೆ ಸರಿದು ನೋಡಿ, ಒಂದು ಅಕ್ಷರ ಒರೆಸಿ ಮತ್ತೆ ಚೆಂದ ಮಾಡಿ ಬರೆದಳು. ಆಮೇಲೆ ಸಾಲು ಹತ್ತಿತು. ಸಾಲೆಂದರೆ ನಮ್ಮ ಗದಗ ಬಸ್ ಸ್ಟ್ಯಾಂಡಿನ ಸಾಲು, ಭುಜಕ್ಕೆ ಭುಜ ತಗಲುವಂಥದ್ದು. ಫಿನ್‌ಲೆಂಡಿನ ಶಿಲ್ಪಿ ಮೂರು ಸಲ ಬಂದ. ಒಬ್ಬರು ಆಕಳಿನ ಚಿತ್ರ ಬರೆದರು.

ಕಡೆಗೆ ಎಲ್ಲರೂ ನನ್ನತ್ತ ತಿರುಗಿದರು. ನಾನು ಬಳಪ ಹಿಡಿದು ನಲವತ್ತು ವರ್ಷದ ಮೇಲಾಗಿತ್ತು. ಜಾಗ ಮಾಡಿಕೊಳ್ಳಲು ಹೆಬ್ಬೆರಳನ್ನು ಬಾಯಿಗೆ ಒಯ್ದೆ.

"ಉಗುಳು ಹಚ್ಚಬ್ಯಾಡ್ರಿ ಮಾಸ್ತರ," ಹಿಂದಿನಿಂದ ಮೋನಪ್ಪನವರ ದನಿ. "ಪರದೇಶ ಐತಿ."

ತೋಳಿನಿಂದ ಒರೆಸಿ, "ಗೊತ್ತಿಲ್ಲ" ಎಂದು ಬರೆದೆ. ಹಾಗೆಂದರೇನು ಎಂದು ಒಬ್ಬ ಕೇಳಿದ. ಈ ಸಲ ಉತ್ತರ ನನಗೆ ಖಚಿತವಾಗಿ ತಿಳಿದಿತ್ತು.

ಅವರೆಲ್ಲ ಕೆಳಗೆ ಕಾಫಿ ಕುಡಿಯುತ್ತಿದ್ದಾಗ ಮಳೆ ಬಂತು. ನಾನು ಕೊಡೆ ಹಿಡಿದು ಮೇಲೆ ಓಡಿದೆ, ಏಕೆಂದು ನನಗೂ ಗೊತ್ತಿರಲಿಲ್ಲ. ಮುದುಕಿಯ ಹೆಸರು, ಆಕಳು, ನನ್ನ ಉತ್ತರ, ಎಲ್ಲವೂ ಹಾಲಿನಂತೆ ಕರಗಿ ಕುಳಿಗೆ ಇಳಿಯುತ್ತಿದ್ದವು. ಮೇಲಿನ ಸಾಲು ಮಾತ್ರ ತೊಳೆದುಕೊಂಡು ಇನ್ನಷ್ಟು ಕಪ್ಪಾಗಿತ್ತು.

ಲಕ್ಷ್ಮೇಶ್ವರ

ಊರಿಗೆ ಬಂದ ವಾರದಲ್ಲಿ ಖಾದರಸಾಬರು ಬಜಾರಿನಲ್ಲಿ ಕೂಗಿ ನಿಲ್ಲಿಸಿದರು. "ಏನ್ರಿ ಸರ, ಬಳಪದ ಖಬರ ಸಿಕ್ತೇನು? ಎಲ್ಲಿಂದ ಬಂತಂತ?"

"ಇಲ್ರಿ."

"ಅಷ್ಟ ದೂರ ಹೋಗಿಬಂದ್ರಿ, ಇಲ್ಲ ಅಂತೀರಲ್ಲ?"

"ಇಲ್ಲಂದ್ರ ಇಲ್ರಿ," ಎಂದೆ. ಅಷ್ಟು ಗಟ್ಟಿಯಾಗಿ ನಾನು ಯಾವ ಉತ್ತರವನ್ನೂ ಈ ಬಜಾರಿನಲ್ಲಿ ಹೇಳಿದ್ದು ನೆನಪಿಲ್ಲ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಚಹಾ ತರಿಸಿದರು.

ಚಿಂತೆಯ ಚಟ ಬಿಟ್ಟಿತೆಂದು ಮಾತ್ರ ತಿಳಿಯಬೇಡಿ. ಬೆಳಿಗ್ಗೆ ಎದ್ದ ಕೂಡಲೇ ಈಗ ಫೋನಿನಲ್ಲಿ ಆ ಕಣಿವೆಯ ಊರಿನ ಹವಾಮಾನ ನೋಡುತ್ತೇನೆ. ಅಲ್ಲಿ ನಾಲ್ಕು ದಿನ ಒಂದೇ ಸಮ ಬಿಸಿಲಿದ್ದರೆ ನನಗೆ ಇಲ್ಲಿ ಕಸಿವಿಸಿ: ಪಾಟಿಯ ಮೇಲೆ ಯಾರು ಏನು ಬರೆದು ಹೋಗಿದ್ದಾರೋ, ಅದು ಹಾಗೇ ಒಣಗಿ ನಿಂತು ಖರೆ ಅನ್ನಿಸಿಕೊಳ್ಳುತ್ತಿದೆಯೋ ಎಂದು. ಇವತ್ತು ಅಲ್ಲಿ ಮಳೆಯಂತೆ, ಪಾಟಿ ಮತ್ತೆ ಖಾಲಿಯಾಗಿರುತ್ತದೆ. ಬಸ್ಸಿನಲ್ಲಿ ಪಕ್ಕದವರು ನನ್ನ ಸಕ್ಕರೆ ಕಾಯಿಲೆಯ ಬಗ್ಗೆ ಕೇಳಿದರು. ನಾನು ಆರಾಮ ಇದ್ದೇನೆ ಎಂದೆ.